ಬಾಡಿಗೆಗೆ ಸಿಗುವ ಲಿಂಕನ್ ಪ್ರದರ್ಶನ: ಯಾವ ಫಲಕ ನಿಲ್ಲಿಸಬೇಕು, ಯಾವುದನ್ನು ಪೆಟ್ಟಿಗೆಯಲ್ಲೇ ಬಿಡಬೇಕು

ತುಮಕೂರಿನ ಕೋರ್ಟಿನ ಆಸುಪಾಸಿನಲ್ಲಿ ವಕಾಲತ್ತು ಫಾರಂ, ರಬ್ಬರ್ ಸ್ಟಾಂಪು, ಬ್ಯಾನರು ಮಾಡಿಕೊಡುವ ಅಂಗಡಿಗಳಿಗೆ ಬರವಿಲ್ಲ. ಅವುಗಳಲ್ಲೊಂದು ಶಾಲೆ, ಕಾಲೇಜು, ವಕೀಲರ ಸಂಘಗಳಿಗೆ ಪ್ರದರ್ಶನದ ಸೆಟ್ಟುಗಳನ್ನು ಬಾಡಿಗೆಗೆ ಕೊಡುತ್ತದೆ. ಗಾಂಧಿ, ಅಂಬೇಡ್ಕರ್, ವಿಶ್ವೇಶ್ವರಯ್ಯ ಸೆಟ್ಟುಗಳು ಬೇರೆ ಕಡೆಯೂ ಸಿಗುತ್ತವೆ. ಇಲ್ಲಿ ಅಬ್ರಹಾಂ ಲಿಂಕನ್ ಸೆಟ್ಟೂ ಇದೆ, ಅದರಲ್ಲೂ ಶ್ವೇತಭವನದ ಲಿಂಕನ್‌ಗಿಂತ ಇಲಿನಾಯ್ ಸೀಮೆಯ ವಕೀಲ ಲಿಂಕನ್‌ಗೇ ಹೆಚ್ಚು ಜಾಗ ಕೊಟ್ಟಿರುವ ಸೆಟ್ಟು.

ಪೆಟ್ಟಿಗೆ ಬಿಚ್ಚಿದರೆ ಸಿಗುವುದು ಇಷ್ಟು: 2 ಅಡಿ ಅಗಲ, 3 ಅಡಿ ಎತ್ತರದ 24 ಫಲಕ, 5 ಮಿಲಿಮೀಟರ್ ಸನ್‌ಬೋರ್ಡಿನ ಮೇಲೆ ವಿನೈಲ್ ಅಂಟಿಸಿದ್ದು, ಆಳೆತ್ತರದ ಒಂದು ಕಟೌಟು, ಮೇಜಿನ ಮೇಲೆ ಹಾಸುವ 4 ಅಡಿಗೆ 3 ಅಡಿಯ ನಕ್ಷೆ, ಆರು ಮೊಕದ್ದಮೆಗಳ ಕಡತ, ಸರ್ವೆ ಸರಪಳಿಯ ಮಾದರಿ, ವಿವರಿಸುವ ಹುಡುಗ ಹುಡುಗಿಯರಿಗೆ 16 ಪುಟದ ಕೈಪಿಡಿ. ಮೂರು ದಿನಕ್ಕೆ ಬಾಡಿಗೆ 3,600 ರೂಪಾಯಿ, ಠೇವಣಿ 2,000. ಸಾಗಾಟ ತೆಗೆದುಕೊಂಡವರದ್ದೇ. ದುಡ್ಡಿಗೆ ಮೋಸವಿಲ್ಲ. ಆದರೆ ಬಂದ ಹಾಗೆಯೇ ಗೋಡೆಗೆ ಒರಗಿಸಿದರೆ ಮಕ್ಕಳು ಐದಾರು ಸುಳ್ಳುಗಳನ್ನು ಕಲಿತುಕೊಂಡು ಮನೆಗೆ ಹೋಗುತ್ತಾರೆ. ಮಧ್ಯದ ಹನ್ನೊಂದು ಫಲಕ, ನಕ್ಷೆ ಮತ್ತು ಕಡತಗಳಿಗಾಗಿ ಇದನ್ನು ತರಬೇಕು. ಮೂರು ಫಲಕ ಇಳಿಸಬೇಕು, ಕೆಲವು ಸಾಲು ತಿದ್ದಬೇಕು, ಎರಡು ಹಾಳೆ ನಾವೇ ಸೇರಿಸಬೇಕು.

ಮೊದಲು ನಕ್ಷೆ. ಇಡೀ ಸೆಟ್ಟಿನಲ್ಲಿ ಅತ್ಯುತ್ತಮ ಭಾಗ ಇದೇ. ಲಿಂಕನ್ ಕಾಲದಲ್ಲಿ ಜಿಲ್ಲಾ ಕೇಂದ್ರದಲ್ಲಿ ವರ್ಷವಿಡೀ ಕುಳಿತಿರುವ ನ್ಯಾಯಾಧೀಶರಿರಲಿಲ್ಲ. ಇಲಿನಾಯ್ ರಾಜ್ಯವನ್ನು ಸರ್ಕ್ಯೂಟ್‌ಗಳಾಗಿ ವಿಂಗಡಿಸಿದ್ದರು; ನ್ಯಾಯಾಧೀಶರು ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಒಂದೊಂದೇ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕೇಂದ್ರಕ್ಕೆ ಹೋಗಿ ಕೆಲವು ದಿನ ಕಲಾಪ ನಡೆಸಿ ಮುಂದಿನ ಊರಿಗೆ ಹೊರಡುತ್ತಿದ್ದರು. ವಕೀಲರು ಅವರ ಹಿಂದೆ ಕುದುರೆಯ ಮೇಲೆ, ಬಗ್ಗಿಯಲ್ಲಿ. ಲಿಂಕನ್ ಓಡಾಡಿದ್ದು ಎಂಟನೇ ಸರ್ಕ್ಯೂಟಿನಲ್ಲಿ. ಅದು ಅತಿ ದೊಡ್ಡದಾಗಿದ್ದಾಗ 14 ಕೌಂಟಿ, ಒಂದು ಸುತ್ತಿಗೆ 400 ಮೈಲಿಗೂ ಹೆಚ್ಚು, ಅಂದರೆ 640 ಕಿಲೋಮೀಟರ್ ದಾಟುತ್ತಿತ್ತು. ನಕ್ಷೆಯಲ್ಲಿ ಸ್ಪ್ರಿಂಗ್‌ಫೀಲ್ಡ್, ಪೀಕಿನ್, ಮೆಟಮೋರಾ, ಬ್ಲೂಮಿಂಗ್ಟನ್, ಕ್ಲಿಂಟನ್, ಅರ್ಬಾನ, ಡ್ಯಾನ್‌ವಿಲ್, ಪ್ಯಾರಿಸ್, ಶೆಲ್ಬಿವಿಲ್, ಡೆಕಾಟರ್, ಟೇಲರ್‌ವಿಲ್ ಎಲ್ಲವೂ ಸರಿಯಾದ ಜಾಗದಲ್ಲಿವೆ. ಎತ್ತರಿಸಿದ ಗುಂಡಿಗಳಿಗೆ ಕೆಂಪು ದಾರ ಸುತ್ತುತ್ತಾ ಹೋದರೆ ಮಕ್ಕಳ ಕೈಯಲ್ಲೇ ಇಡೀ ಸುತ್ತು ಮೂಡುತ್ತದೆ. ದಾರ ಜೊತೆಗೆ ಬರುವುದಿಲ್ಲ. ಹೂವಿನ ಅಂಗಡಿಯ ದಪ್ಪ ನೂಲು 15 ಅಡಿ ಸಾಕು.

ಇದರ ಪಕ್ಕದಲ್ಲಿ ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕಿನ ನಕ್ಷೆಯೊಂದನ್ನು ಇಡಿ. ಒಬ್ಬರೇ ನ್ಯಾಯಾಧೀಶರು ಕುಣಿಗಲ್ಲಿನಿಂದ ಹೊರಟು ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ, ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ಮುಗಿಸಿ ಬರುವವರೆಗೆ ಇವತ್ತಿನ ವಾಯಿದೆ ಏನಾಗುತ್ತದೆ ಎಂದು ಕೇಳಿದರೆ ಕಾನೂನು ವಿದ್ಯಾರ್ಥಿಗಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಕಕ್ಷಿದಾರ ವಕೀಲನನ್ನು ಕಾಣುವುದು ಕಲಾಪದ ಬೆಳಿಗ್ಗೆ, ವಾದಪತ್ರ ಬರೆಯುವುದು ಆಗಲೇ, ತೀರ್ಮಾನ ಹೇಳುವ ಊರಿನವರ ಜ್ಯೂರಿ ಕೂರುವುದು ಬಹುಶಃ ಅದೇ ವಾರ. ಸ್ಥಳೀಯ ವಕೀಲ ಕಡತ ಹಿಡಿದಿರುತ್ತಾನೆ, ಸರ್ಕ್ಯೂಟಿನೊಂದಿಗೆ ಬಂದ ಲಿಂಕನ್ ವಾದ ಮಾಡುತ್ತಾರೆ. ಈ ಪದ್ಧತಿ ಗೊತ್ತಿಲ್ಲದಿದ್ದರೆ ಅವರ ಹೆಸರಿನಲ್ಲಿ 5,000ಕ್ಕೂ ಹೆಚ್ಚು ಮೊಕದ್ದಮೆ ಇರುವುದು ಹೇಗೆಂದು ಅರ್ಥವಾಗುವುದಿಲ್ಲ.

ಹದಿನೇಳನೇ ಫಲಕ ಇಲ್ಲಿಂದಲೇ ಒಂದು ಒಳ್ಳೆಯ ಎಳೆ ಹಿಡಿಯುತ್ತದೆ. 1848ರಿಂದ ಆ ಸರ್ಕ್ಯೂಟಿನ ನ್ಯಾಯಾಧೀಶರಾಗಿದ್ದವರು ಡೇವಿಡ್ ಡೇವಿಸ್. 300 ಪೌಂಡಿಗೂ ಮೀರಿದ ಆಳು. ಹಳ್ಳಿಯ ಹೋಟೆಲುಗಳಲ್ಲಿ ವಕೀಲರು ಒಂದು ಹಾಸಿಗೆಗೆ ಇಬ್ಬರಂತೆ ಮಲಗುವಾಗ ಡೇವಿಸ್‌ಗೆ ಮಾತ್ರ ಇಡೀ ಹಾಸಿಗೆ. ತಾವು ಇಲ್ಲದ ದಿನ ಲಿಂಕನ್‌ರನ್ನೇ ಪೀಠದಲ್ಲಿ ಕೂರಿಸಿದ್ದೂ ಉಂಟು. ಇದೇ ಡೇವಿಸ್ 1860ರ ಮೇ ತಿಂಗಳಲ್ಲಿ ರಿಪಬ್ಲಿಕನ್ ಪಕ್ಷ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸಿದ ಷಿಕಾಗೋ ಸಮಾವೇಶದಲ್ಲಿ ಲಿಂಕನ್ ಪರ ಪ್ರತಿನಿಧಿಗಳನ್ನು ಒಟ್ಟುಮಾಡಿದವರು. ಮೂರನೇ ಸುತ್ತಿನ ಮತದಾನದಲ್ಲಿ ಲಿಂಕನ್ ಅಭ್ಯರ್ಥಿಯಾದರು. 1862ರಲ್ಲಿ ಡೇವಿಸ್‌ರನ್ನು ಲಿಂಕನ್ ಸುಪ್ರೀಂ ಕೋರ್ಟಿಗೆ ನೇಮಿಸಿದರು. ಊರೂರು ಸುತ್ತಿದ ವಕೀಲಿಕೆಯೇ ರಾಜಕಾರಣದ ಬೇರಾಗಿದ್ದು ಹೇಗೆ ಎಂಬುದನ್ನು ಈ ಒಂದು ಫಲಕ ಭಾಷಣವಿಲ್ಲದೆ ತೋರಿಸುತ್ತದೆ. ಬಾಗಿಲ ಎದುರಿಗೆ ಇದನ್ನೇ ನಿಲ್ಲಿಸಿ.

ಈಗ ಕಡತಗಳು. ಆರೂ ಕಡತಗಳಲ್ಲಿ ನಾಲ್ಕೈದು ಪುಟ: ಸಂಗತಿ, ಎರಡೂ ಕಡೆಯ ವಾದ, ತೀರ್ಪು. ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯಕ್ಕೆ, ಅಂದರೆ ಮೂಟ್ ಕೋರ್ಟಿಗೆ, ಹೇಳಿ ಮಾಡಿಸಿದ ಹಾಗಿವೆ. ಮೊದಲನೆಯದು ಸಾಮಾನ್ಯ ಸಾಲ ವಸೂಲಿ. ನೋಡಲು ಸಪ್ಪೆ, ಆದರೆ ಪ್ರಾಮಾಣಿಕ. ಲಿಂಕನ್ ಕಚೇರಿಯ ಅರ್ಧಕ್ಕಿಂತ ಹೆಚ್ಚು ಕೆಲಸ ಪ್ರೋನೋಟು, ಬಾಕಿ, ಅಡಮಾನಗಳದ್ದೇ; ಸಾಧಾರಣ ಫೀಸು 5ರಿಂದ 20 ಡಾಲರ್. ಅದನ್ನು ಪಾಲುದಾರ ವಿಲಿಯಂ ಹರ್ನ್‌ಡನ್ ಜೊತೆ ಸಮವಾಗಿ ಹಂಚಿಕೊಳ್ಳುತ್ತಿದ್ದರು.

ಎರಡನೆಯದು 1841ರ ಬೇಯ್ಲಿ ವಿರುದ್ಧ ಕ್ರಾಮ್‌ವೆಲ್. ನ್ಯಾನ್ಸ್ ಎಂಬ ಕಪ್ಪು ಹುಡುಗಿಯನ್ನು ಮಾರಿದ ಬಾಬ್ತು ಬರೆದುಕೊಟ್ಟ ಪ್ರೋನೋಟಿನ ಮೇಲೆ ದಾವೆ. ಇಲಿನಾಯ್ ಸುಪ್ರೀಂ ಕೋರ್ಟಿನಲ್ಲಿ, ನೋಟು ಬರೆದುಕೊಟ್ಟಿದ್ದ ಬೇಯ್ಲಿ ಪರ ಲಿಂಕನ್. ಈ ರಾಜ್ಯದಲ್ಲಿ ಬಣ್ಣ ಯಾವುದೇ ಇರಲಿ, ಮನುಷ್ಯ ಸ್ವತಂತ್ರನೆಂದೇ ಭಾವಿಸಬೇಕು. ಸ್ವತಂತ್ರ ವ್ಯಕ್ತಿಯ ಮಾರಾಟ ಕಾನೂನುಬಾಹಿರ. ಆದ್ದರಿಂದ ನೋಟಿಗೆ ಬೆಲೆಯಿಲ್ಲ ಎಂದು ಕೋರ್ಟು ಹೇಳಿತು. ಕಾನೂನುಬಾಹಿರ ಉದ್ದೇಶದ ಕರಾರು ನಿಲ್ಲದು ಎನ್ನುವ ನಮ್ಮ 1872ರ ಕರಾರು ಕಾಯ್ದೆಯ 23ನೇ ಕಲಂ ಓದಿರುವ ವಿದ್ಯಾರ್ಥಿ ಇದನ್ನು ಎರಡು ನಿಮಿಷದಲ್ಲಿ ಹಿಡಿಯುತ್ತಾನೆ. ಕೈಪಿಡಿಯಲ್ಲಿ ಆ ಕೊಂಡಿ ಇಲ್ಲ, ಪೆನ್ಸಿಲಿನಲ್ಲಿ ಬರೆದುಕೊಳ್ಳಿ.

ಮೂರನೆಯದು ಇಲಿನಾಯ್ ಸೆಂಟ್ರಲ್ ರೈಲ್ವೆ. ಕೌಂಟಿಗಳು ರೈಲ್ವೆ ಆಸ್ತಿಗೆ ತೆರಿಗೆ ಹಾಕಬಹುದೇ ಎಂಬ ಪ್ರಶ್ನೆಯಲ್ಲಿ ಮೆಕ್ಲೀನ್ ಕೌಂಟಿಯ ವಿರುದ್ಧ ಲಿಂಕನ್ ರೈಲ್ವೆಯನ್ನು ಗೆಲ್ಲಿಸಿದರು. ಬಿಲ್ಲು 5,000 ಡಾಲರ್. ಕಂಪನಿ ಕೊಡಲಿಲ್ಲ. ಲಿಂಕನ್ 1857ರಲ್ಲಿ ತಮ್ಮದೇ ಕಕ್ಷಿದಾರನ ಮೇಲೆ ದಾವೆ ಹೂಡಿ, ಮೊದಲೇ ಬಂದಿದ್ದ 200 ಕಳೆದು 4,800 ಡಾಲರ್ ವಸೂಲಿ ಮಾಡಿದರು. ಆಮೇಲೂ ಅದೇ ಕಂಪನಿಯ ಕೆಲಸ ಮುಂದುವರಿಸಿದರು. ಕಡತ ಇಷ್ಟು ಚೆನ್ನಾಗಿರುವಾಗ ಹದಿಮೂರನೇ ಫಲಕದ ತಲೆಬರಹ ‘ಬಡವರ ಪರ ಮಾತ್ರ ನಿಂತ ವಕೀಲ’ ಎಂದಿರುವುದು ವಿಚಿತ್ರ. ಲಿಂಕನ್ ರೈಲ್ವೆ ಪರವೂ ನಿಂತರು, ರೈಲ್ವೆ ವಿರುದ್ಧವೂ ನಿಂತರು. ಯಾರು ಮೊದಲು ಬಂದರೋ ಅವರ ವಕಾಲತ್ತು. ತಲೆಬರಹದ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿ.

ನಾಲ್ಕನೆಯದು ಸೇತುವೆಯ ಮೊಕದ್ದಮೆ. ಮಿಸಿಸಿಪ್ಪಿ ನದಿಗೆ ಅಡ್ಡಲಾಗಿ ಕಟ್ಟಿದ ಮೊದಲ ರೈಲು ಸೇತುವೆಗೆ, ಅದು ತೆರೆದ ಕೆಲವೇ ದಿನಗಳಲ್ಲಿ, 1856ರ ಮೇ 6ರಂದು ಎಫೀ ಆಫ್ಟನ್ ಎಂಬ ಉಗಿಹಡಗು ಬಡಿದು ಸುಟ್ಟುಹೋಯಿತು. ಹಡಗಿನವರು ಸೇತುವೆ ಕಂಪನಿಯ ಮೇಲೆ ದಾವೆ ಹಾಕಿದರು. 1857ರ ಸೆಪ್ಟೆಂಬರಿನಲ್ಲಿ ಷಿಕಾಗೋದಲ್ಲಿ ವಿಚಾರಣೆ. ಲಿಂಕನ್ ಸೇತುವೆಯ ಪರ. ನದಿಯ ಸೆಳವಿನ ವೇಗ, ಕಂಬಗಳ ಕೋನ, ಹಡಗಿನ ಚಕ್ರದ ದೋಷ ಎಲ್ಲವನ್ನೂ ಅಂಕಿ ಸಮೇತ ಜ್ಯೂರಿಯ ಮುಂದಿಟ್ಟರು. ನದಿಯ ಉದ್ದಕ್ಕೆ ಸಾಗುವವನಿಗೆ ಎಷ್ಟು ಹಕ್ಕಿದೆಯೋ ಅಡ್ಡ ದಾಟುವವನಿಗೂ ಅಷ್ಟೇ ಹಕ್ಕಿದೆ ಎಂದು ವಾದಿಸಿದರು. ಕಡತದ ಕೊನೆಯ ಸಾಲು ‘ಲಿಂಕನ್ ಗೆದ್ದರು’ ಎನ್ನುತ್ತದೆ. ತಪ್ಪು. ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ, ತೀರ್ಪೇ ಆಗಲಿಲ್ಲ. ಸೇತುವೆ ಉಳಿಯಿತು ಅಷ್ಟೇ.

ಐದನೆಯದು ಎಲ್ಲರೂ ಕೇಳಿರುವ ಪಂಚಾಂಗದ ಮೊಕದ್ದಮೆ. ಜನ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲೇ, ಸೆಟ್ಟು ಜಾರಿ ಬೀಳುವುದೂ ಇಲ್ಲೇ. 1857ರ ಆಗಸ್ಟ್ 29ರ ರಾತ್ರಿ ಸುಮಾರು 11 ಗಂಟೆಗೆ ಮೆಟ್ಜ್‌ಕರ್ ಎಂಬವನಿಗೆ ಮಾರಣಾಂತಿಕ ಪೆಟ್ಟು ಬಿತ್ತು. ಆರೋಪಿ ಡಫ್ ಆರ್ಮ್‌ಸ್ಟ್ರಾಂಗ್, ಲಿಂಕನ್ ವಕೀಲರಾಗುವ ಮೊದಲು ಇದ್ದ ನ್ಯೂ ಸೇಲಂ ಊರಿನ ಗೆಳೆಯನ ಮಗ. 1858ರ ಮೇ 7ರಂದು ಬಿಯರ್ಡ್ಸ್‌ಟೌನ್‌ನಲ್ಲಿ ವಿಚಾರಣೆ. ಚಾರ್ಲ್ಸ್ ಆಲನ್ ಎಂಬ ಸಾಕ್ಷಿ, ಚಂದ್ರ ನೆತ್ತಿಯ ಹತ್ತಿರವಿತ್ತು, ಬೆಳದಿಂಗಳಲ್ಲಿ ಸ್ಪಷ್ಟವಾಗಿ ಕಂಡೆ ಎಂದ. ಲಿಂಕನ್ ಅದನ್ನೇ ಹಲವು ಸಲ ಹೇಳಿಸಿ, ಆಮೇಲೆ ಪಂಚಾಂಗ ತೆರೆದರು. ಫಲಕ ಹೇಳುವುದು: ‘ಅಂದು ಅಮಾವಾಸ್ಯೆ!’ ಕನ್ನಡದಲ್ಲಿ ಈ ಕಥೆ ಹೀಗೆಯೇ ಹರಡಿದೆ, ಹೀಗೆಯೇ ತಪ್ಪಾಗಿದೆ. ಅಂದು ಶುಕ್ಲಪಕ್ಷ, ಚಂದ್ರ ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಆದರೆ 11 ಗಂಟೆಗೆ ಅದು ದಿಗಂತದ ಹತ್ತಿರಕ್ಕೆ ಇಳಿದಿತ್ತು, ಮಧ್ಯರಾತ್ರಿ ಕಳೆದ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಸಾಕ್ಷಿ ಸಿಕ್ಕಿಬಿದ್ದದ್ದು ಚಂದ್ರ ಇತ್ತೇ ಇಲ್ಲವೇ ಎಂಬುದರಲ್ಲಲ್ಲ, ಎಲ್ಲಿತ್ತು ಎಂಬುದರಲ್ಲಿ. ಪಾಟೀ ಸವಾಲು ಕಲಿಯುವವರಿಗೆ ಈ ವ್ಯತ್ಯಾಸವೇ ಪಾಠ. ಅಮಾವಾಸ್ಯೆಯಾಗಿದ್ದರೆ ಊರಿನವರೆಲ್ಲರಿಗೂ ನೆನಪಿರುತ್ತಿತ್ತು, ಪಂಚಾಂಗವೇ ಬೇಕಿರಲಿಲ್ಲ.

ಇನ್ನೊಂದು ಮಾತು. ಪಂಚಾಂಗ ಒಂದರಿಂದಲೇ ಬಿಡುಗಡೆಯಾಯಿತು ಎಂಬ ಫಲಕದ ಧಾಟಿಯೂ ಅತಿ. ಅದೇ ಸಾವಿಗೆ ನಾರಿಸ್ ಎಂಬ ಮತ್ತೊಬ್ಬನಿಗೆ ಮೊದಲೇ ಶಿಕ್ಷೆಯಾಗಿತ್ತು. ಅವನ ಏಟಿನಿಂದಲೂ ಆ ಗಾಯ ಆಗಿರಬಹುದೆಂದು ವೈದ್ಯರ ಸಾಕ್ಷ್ಯ ಹಾಕಿಸಿದರು. ಕೊನೆಗೆ ಡಫ್‌ನ ತಾಯಿಯ ಮನೆಯಲ್ಲಿ ತಾನುಂಡ ಅನ್ನವನ್ನು ನೆನೆದು ಜ್ಯೂರಿಯ ಮನ ಕರಗಿಸಿದರು. ನಮ್ಮ ಕೋರ್ಟುಗಳಲ್ಲಿ ಜ್ಯೂರಿ ಇಲ್ಲದ್ದರಿಂದ, ಹನ್ನೆರಡು ಜನ ಊರಿನವರೇ ಕೂತು ತೀರ್ಮಾನಿಸುತ್ತಿದ್ದರು ಎಂಬುದನ್ನು ವಿವರಿಸುವವರು ಮೊದಲೇ ಹೇಳಬೇಕು. ಇಲ್ಲದಿದ್ದರೆ ಲಿಂಕನ್ ಯಾಕಷ್ಟು ಕಥೆ ಹೇಳುತ್ತಿದ್ದರೆಂದು ಮಕ್ಕಳಿಗೆ ತಿಳಿಯುವುದಿಲ್ಲ. ಈ ಕಡತದ ಪಕ್ಕ ಮನೆಯಲ್ಲಿರುವ ಒಂಟಿಕೊಪ್ಪಲ್ ಪಂಚಾಂಗ ಒಂದನ್ನಿಟ್ಟು, ಒಂದು ದಿನದ ತಿಥಿ ನೋಡಿ ಚಂದ್ರ ಸುಮಾರು ಯಾವಾಗ ಮುಳುಗಬಹುದೆಂದು ಊಹಿಸಲು ಹೇಳಿ. ಜನ ಮುತ್ತಿಕೊಳ್ಳುತ್ತಾರೆ.

ಆರನೆಯದು 1859ರ ಹ್ಯಾರಿಸನ್ ಕೊಲೆ ಮೊಕದ್ದಮೆ. ಇದರ ಪೂರ್ತಿ ವಿಚಾರಣಾ ದಾಖಲೆ 1989ರಲ್ಲಷ್ಟೇ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಸಿಕ್ಕಿತು. ಸತ್ತವನು ಗ್ರೀಕ್ ಕ್ರಾಫ್ಟನ್, ಲಿಂಕನ್ ಕಚೇರಿಯಲ್ಲೇ ಕಾನೂನು ಕಲಿತವನು. ಆರೋಪಿ ಹ್ಯಾರಿಸನ್‌ನ ಅಜ್ಜ ಪೀಟರ್ ಕಾರ್ಟ್‌ರೈಟ್, 1846ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಚುನಾವಣೆಯಲ್ಲಿ ಲಿಂಕನ್ ಸೋಲಿಸಿದ ಎದುರಾಳಿ. ಸಾಯುವ ಮುನ್ನ ಕ್ರಾಫ್ಟನ್ ಆ ಅಜ್ಜನ ಮುಂದೆ, ತಪ್ಪು ತನ್ನದೇ ಎಂದು ಹೇಳಿ ಹ್ಯಾರಿಸನ್‌ನನ್ನು ಕ್ಷಮಿಸಿದ್ದ. ಆ ಮಾತನ್ನು ಸಾಕ್ಷ್ಯವಾಗಿ ಒಪ್ಪಿಸಲು ಲಿಂಕನ್ ನಡೆಸಿದ ಹೋರಾಟವೇ ಕಡತದ ತಿರುಳು. ಮರಣಕಾಲದ ಹೇಳಿಕೆ ಎಂದರೆ ನಮ್ಮವರಿಗೆ ಸಾಕ್ಷ್ಯ ಕಾಯ್ದೆಯ 32ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಂ. ಸಾಮಾನ್ಯವಾಗಿ ಆರೋಪಿಯನ್ನು ಸಿಕ್ಕಿಸುವ ಹೇಳಿಕೆ ಇಲ್ಲಿ ಆರೋಪಿಯನ್ನು ಬಿಡಿಸಿತು. ಮೂಟ್ ಕೋರ್ಟಿಗೆ ಒಂದೇ ಕಡತ ಆರಿಸಬೇಕೆಂದರೆ ಪಂಚಾಂಗ ಬಿಟ್ಟು ಇದನ್ನು ಆರಿಸಿ.

ಸರಪಳಿ ಚಿಕ್ಕ ವಸ್ತು, ಆದರೆ ಹೈಸ್ಕೂಲು ಮಕ್ಕಳಿಗೆ ಅದೇ ಹಬ್ಬ. ವಕೀಲನಾಗುವ ಮೊದಲು ಲಿಂಕನ್ ನ್ಯೂ ಸೇಲಂನಲ್ಲಿ ಅಂಗಡಿ ಇಟ್ಟು ಸಾಲದಲ್ಲಿ ಮುಳುಗಿ, 1833ರಲ್ಲಿ ಪೋಸ್ಟ್ ಮಾಸ್ಟರ್ ಆಗಿ, ಜೊತೆಗೇ ಸಹಾಯಕ ಸರ್ವೇಯರ್ ಆದರು. ಸಾಲಗಾರರು ಆ ಸರ್ವೆ ಉಪಕರಣಗಳನ್ನೂ ಹರಾಜು ಹಾಕಿಸಿದಾಗ ಗೆಳೆಯನೊಬ್ಬ ಕೊಂಡು ವಾಪಸು ಕೊಟ್ಟ. ಅಲ್ಲಿನ ಸರಪಳಿ 66 ಅಡಿ, 100 ಕೊಂಡಿ, ಕೊಂಡಿಗೆ 7.92 ಅಂಗುಲ. ಹತ್ತು ಚದರ ಸರಪಳಿ ಒಂದು ಎಕರೆ. ನಮ್ಮ ಗುಂಟೆ 33 ಅಡಿಗೆ 33 ಅಡಿ. ಹಾಗಾಗಿ ಆ ಸರಪಳಿಯ ಒಂದು ಚದರವೆಂದರೆ ಸರಿಯಾಗಿ ನಾಲ್ಕು ಗುಂಟೆ, ನಲವತ್ತು ಗುಂಟೆಗೆ ಎಕರೆ. ಮೈದಾನದಲ್ಲಿ ನಾಲ್ಕು ಗೂಟ ನೆಟ್ಟು ಅಳೆಸಿದರೆ ಲೆಕ್ಕ ತಾನಾಗಿ ಕೂಡಿಬರುತ್ತದೆ.

ತೊಂದರೆ ಏನೆಂದರೆ ಸೆಟ್ಟಿನ ಸರಪಳಿ ಕಬ್ಬಿಣದ್ದಲ್ಲ, ಹತ್ತು ಕೊಂಡಿಗೊಂದು ತಗಡು ಕಟ್ಟಿದ ನೈಲಾನ್ ಹಗ್ಗ. ಎಳೆದಂತೆಲ್ಲ ಹಿಗ್ಗುತ್ತದೆ, ಇಬ್ಬರು ಗಟ್ಟಿ ಹುಡುಗರು ಹಿಡಿದರೆ 66 ಅಡಿ ಇದ್ದದ್ದು 68 ಆಗಲೂಬಹುದು. ಬಳಸುವ ಮೊದಲು ಸ್ಟೀಲ್ ಟೇಪಿನಿಂದ ಪ್ರತಿ ತಗಡಿನ ಅಂತರ 6.6 ಅಡಿ ಇದೆಯೇ ನೋಡಿ, ತಪ್ಪಿದ್ದನ್ನು ಸರಿಸಿ ಕಟ್ಟಿ. ಎಳೆಯದೆ ನೆಲದ ಮೇಲೆ ಹಾಸಿ ಅಳೆಸಿ.

ಸರಪಳಿಗೂ ನಾಲ್ಕನೇ ಫಲಕಕ್ಕೂ ನಂಟಿದೆ, ಆದರೆ ಸೆಟ್ಟು ಮಾಡಿದವರು ಅವೆರಡನ್ನೂ ದೂರ ಇಟ್ಟಿದ್ದಾರೆ. ಲಿಂಕನ್ ತಂದೆ ಥಾಮಸ್ 1816ರಲ್ಲಿ ಕೆಂಟಕಿ ಬಿಟ್ಟು ಇಂಡಿಯಾನಕ್ಕೆ ಹೋದದ್ದು ಮುಖ್ಯವಾಗಿ ಜಮೀನಿನ ಹಕ್ಕಿನ ತಕರಾರಿನಿಂದ ಎಂದು ಲಿಂಕನ್ ತಾವೇ ಬರೆದಿದ್ದಾರೆ. ಗುಲಾಮಗಿರಿ ಎರಡನೆಯ ಕಾರಣ. ಕೆಂಟಕಿಯಲ್ಲಿ ಎಲ್ಲೆ ಬರೆಯುತ್ತಿದ್ದುದು ಈ ಓಕ್ ಮರದಿಂದ ಆ ಹಳ್ಳದವರೆಗೆ ಎಂಬ ಧಾಟಿಯಲ್ಲಿ. ಮರ ಬಿತ್ತು, ಹಳ್ಳ ತಿರುಗಿತು, ಒಂದೇ ನೆಲಕ್ಕೆ ಮೂವರು ಒಡೆಯರು. ಇಂಡಿಯಾನದಲ್ಲಿ ಸರ್ಕಾರವೇ ಆರು ಮೈಲಿ ಚೌಕದ ಟೌನ್‌ಶಿಪ್, ಅದರೊಳಗೆ 640 ಎಕರೆಯ 36 ಭಾಗ ಎಂದು ಅಳೆದು ಮಾರುತ್ತಿತ್ತು. ಹಳೇ ಕ್ರಯಪತ್ರದ ಚಕ್ಕುಬಂದಿ, ಪೋಡಿಯಾಗದ ಸರ್ವೆ ನಂಬರು, ಹದ್ದುಬಸ್ತಿಗೆ ಅರ್ಜಿ ಇವೆಲ್ಲ ದಿನಬಳಕೆಯಾಗಿರುವ ಜಿಲ್ಲೆಯಲ್ಲಿ ಇದಕ್ಕಿಂತ ಬೇಗ ಅರ್ಥವಾಗುವ ಫಲಕ ಇನ್ನೊಂದಿಲ್ಲ. ಸರಪಳಿಯನ್ನು ಇದರ ಕೆಳಗೇ ಇಡಿ.

ಬಾಲ್ಯದ ಉಳಿದ ಫಲಕಗಳು ಪರವಾಗಿಲ್ಲ. 1809ರ ಫೆಬ್ರವರಿ 12, ಮರದ ದಿಮ್ಮಿಯ ಗುಡಿಸಲು, ಎಲ್ಲ ಸೇರಿಸಿದರೂ ಒಂದು ವರ್ಷ ತುಂಬದ ಶಾಲೆ. ತಾಯಿ ನ್ಯಾನ್ಸಿ 1818ರಲ್ಲಿ ತೀರಿಕೊಂಡದ್ದು ಬಿಳಿ ಸ್ನೇಕ್‌ರೂಟ್ ಎಂಬ ವಿಷದ ಗಿಡ ಮೇಯ್ದ ಹಸುವಿನ ಹಾಲಿನಿಂದ ಎಂಬ ವಿವರವನ್ನು ಗಿಡದ ಚಿತ್ರದೊಂದಿಗೆ ಕೊಟ್ಟಿರುವುದು ಚೆನ್ನಾಗಿದೆ.

ಇಳಿಸಬೇಕಾದ ಮೂರು ಫಲಕಕ್ಕೆ ಬರೋಣ. ಒಂದು, ‘ಚಪ್ಪಲಿ ಹೊಲಿಯುವವನ ಮಗ’. ಸೆನೆಟರನೊಬ್ಬ ನಿಮ್ಮಪ್ಪ ನಮ್ಮ ಮನೆಗೆ ಶೂ ಹೊಲಿದುಕೊಡುತ್ತಿದ್ದ ಎಂದು ಹಂಗಿಸಿದ, ಲಿಂಕನ್ ನಯವಾಗಿ ಉತ್ತರಿಸಿದರು ಎಂಬ ಕಥೆ. ವಾಟ್ಸಾಪಿನಲ್ಲಿ ವರ್ಷಕ್ಕೆರಡು ಸಲ ಬರುತ್ತದೆ. ಥಾಮಸ್ ಲಿಂಕನ್ ಬಡಗಿ ಮತ್ತು ರೈತ. ಕೆಂಟಕಿಯಲ್ಲಿ ಜಮೀನಿದ್ದವರು. ಕಥೆಯ ಆಶಯ ಒಳ್ಳೆಯದಿರಬಹುದು, ಸಂಗತಿ ಇಲ್ಲ.

ಎರಡು, ಮಗನ ಮೇಷ್ಟ್ರಿಗೆ ಬರೆದ ಪತ್ರ. ಶಿಕ್ಷಕರ ದಿನದಂದು ನಮ್ಮ ಶಾಲೆಗಳಲ್ಲಿ ಓದುವುದು ಇದನ್ನೇ, ಸ್ಟಾಫ್ ರೂಮುಗಳಲ್ಲಿ ಕಟ್ಟು ಹಾಕಿಸಿರುವುದೂ ಇದನ್ನೇ. ಲಿಂಕನ್ ಬರೆದದ್ದೆಲ್ಲವನ್ನೂ ಸೇರಿಸಿ 1953ರಲ್ಲಿ ಬಂದ ಎಂಟು ಸಂಪುಟಗಳಲ್ಲಿ ಈ ಪತ್ರ ಇಲ್ಲ. ಮೂಲ ಪ್ರತಿಯನ್ನು ಯಾರೂ ತೋರಿಸಿಲ್ಲ. ಹೆಡ್‌ಮಾಸ್ಟರು ಈ ಫಲಕಕ್ಕಾಗಿಯೇ ಸೆಟ್ಟು ತರಿಸುತ್ತಿದ್ದರೆ ಸ್ವಲ್ಪ ಇರಿಸುಮುರಿಸಾಗಬಹುದು. ಬದಲಿಗೆ ವಕೀಲಿಕೆ ಬಗ್ಗೆ ಲಿಂಕನ್ ನಿಜವಾಗಿ ಬರೆದಿಟ್ಟ ಟಿಪ್ಪಣಿಗಳ ಸಾರ ಹಾಕಬಹುದು: ವ್ಯಾಜ್ಯಕ್ಕೆ ಕುಮ್ಮಕ್ಕು ಕೊಡಬೇಡಿ, ಆದಷ್ಟೂ ರಾಜಿ ಮಾಡಿಸಿ, ಇವತ್ತಿನ ಕೆಲಸ ನಾಳೆಗೆ ಬಿಡಬೇಡಿ, ಪೂರ್ತಿ ಫೀಸು ಮೊದಲೇ ತೆಗೆದುಕೊಂಡರೆ ಕೇಸಿನ ಮೇಲೆ ಆಸಕ್ತಿ ಹೋಗುತ್ತದೆ. ಲೋಕ ಅದಾಲತ್ ದಿನ ಕೋರ್ಟಿನ ಆವರಣದಲ್ಲಿ ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಫಲಕ ಬೇಕಿಲ್ಲ.

ಮೂರು, ಸೋಲುಗಳ ಪಟ್ಟಿ. 1831ರಿಂದ 1858ರವರೆಗೆ ಸಾಲು ಸಾಲು ಸೋಲು, 1860ರಲ್ಲಿ ಅಧ್ಯಕ್ಷ. ಕೋಚಿಂಗ್ ಸೆಂಟರುಗಳ ಗೋಡೆಗೆ ಸರಿ. ಪಟ್ಟಿ ಮಾಡಿದವರು ಗೆಲುವುಗಳನ್ನು ಬಿಟ್ಟಿದ್ದಾರೆ. 1832ರಲ್ಲಿ ರಾಜ್ಯ ಶಾಸನಸಭೆಗೆ ನಿಂತು ಸೋತದ್ದು ನಿಜ, ಆದರೆ ತಮ್ಮೂರಿನ 300 ಮತಗಳಲ್ಲಿ 277 ಬಂದಿತ್ತು. 1834, 1836, 1838, 1840: ನಾಲ್ಕು ಸಲ ಸತತ ಶಾಸಕ. 1846ರಲ್ಲಿ ಕಾಂಗ್ರೆಸ್ಸಿಗೆ ಆಯ್ಕೆ. 1855ರ ಸೆನೆಟ್ ಆಯ್ಕೆಯ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು, 44 ಮತ. ಗೆಲ್ಲಲಾಗದು ಎನಿಸಿದಾಗ ತಮ್ಮವರನ್ನು ಇನ್ನೊಬ್ಬ ಅಭ್ಯರ್ಥಿ ಟ್ರಂಬುಲ್ ಕಡೆಗೆ ತಿರುಗಿಸಿದರು. 1858ರ ಸೆನೆಟ್ ಸ್ಪರ್ಧೆಯಲ್ಲಿ ಸ್ಟೀಫನ್ ಡಗ್ಲಸ್ ಎದುರು ಸೋತದ್ದು ಜನರ ನೇರ ಮತದಲ್ಲಲ್ಲ. ನಮ್ಮ ರಾಜ್ಯಸಭೆಯಂತೆ ಶಾಸಕರು ಆರಿಸುವ ಸ್ಥಾನ ಅದು, 54ಕ್ಕೆ 46. ಸೋಲನ್ನೇ ಜಪಿಸುವ ಫಲಕ ಒಬ್ಬ ಪಳಗಿದ ರಾಜಕಾರಣಿಯನ್ನು ಅದೃಷ್ಟ ಖುಲಾಯಿಸಿದ ಅಮಾಯಕನನ್ನಾಗಿ ಮಾಡಿಬಿಡುತ್ತದೆ.

ಸೇರಿಸಬೇಕಾದ ಎರಡು ಹಾಳೆಗಳಿಗೆ ಎ3 ಕಾಗದ ಸಾಕು. ಮೊದಲನೆಯದು ಮ್ಯಾಟ್ಸನ್ ಪ್ರಕರಣ. 1847ರ ಅಕ್ಟೋಬರ್, ಕೋಲ್ಸ್ ಕೌಂಟಿ. ಕೆಂಟಕಿಯ ಒಡೆಯ ರಾಬರ್ಟ್ ಮ್ಯಾಟ್ಸನ್ ಇಲಿನಾಯ್‌ನ ತನ್ನ ಜಮೀನಿಗೆ ಕರೆತಂದಿದ್ದ ಜೇನ್ ಬ್ರ್ಯಾಂಟ್ ಮತ್ತು ಅವಳ ನಾಲ್ಕು ಮಕ್ಕಳು, ಮಾರಿಬಿಡುತ್ತಾನೆಂಬ ಭಯದಿಂದ ಊರಿನವರ ಆಶ್ರಯ ಪಡೆದರು. ಅವರನ್ನು ಗುಲಾಮರೆಂದು ವಾಪಸು ಕೇಳಿದ ಮ್ಯಾಟ್ಸನ್ ಪರ ವಾದಿಸಿದವರಲ್ಲಿ ಲಿಂಕನ್ ಒಬ್ಬರು. ಸೋತರು, ಕೋರ್ಟು ತಾಯಿ ಮಕ್ಕಳನ್ನು ಬಿಡುಗಡೆ ಮಾಡಿತು. ನ್ಯಾನ್ಸ್ ಕಡತದ ಪಕ್ಕದಲ್ಲೇ ಇದನ್ನು ಅಂಟಿಸಬೇಕು, ಆರು ವರ್ಷದ ಅಂತರದಲ್ಲಿ ಒಬ್ಬನೇ ವಕೀಲ ಎರಡೂ ಕಡೆ. ಎರಡನೆಯದು ಸೆನೆಟ್ ಸ್ಪರ್ಧೆಯ ಕಾಲದಲ್ಲಿ ಡಗ್ಲಸ್ ಜೊತೆ ನಡೆದ, 1858ರ ಸೆಪ್ಟೆಂಬರ್ 18ರ ಚಾರ್ಲ್ಸ್‌ಟನ್ ಚರ್ಚೆ. ಕಪ್ಪು ಬಿಳಿ ಜನರಿಗೆ ಸಾಮಾಜಿಕ, ರಾಜಕೀಯ ಸಮಾನತೆ ಕೊಡುವ ಪರ ತಾನಿಲ್ಲ ಎಂದು ಲಿಂಕನ್ ಅಲ್ಲಿ ಬಹಿರಂಗವಾಗಿ ಹೇಳಿದರು. ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹಬ್ಬಬಾರದು ಎಂದು ವಾದಿಸುತ್ತಿದ್ದ ಅದೇ ತಿಂಗಳುಗಳಲ್ಲಿ. ಅಂಬೇಡ್ಕರ್ ಓದಿರುವ ವಿದ್ಯಾರ್ಥಿಗಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಕೈಪಿಡಿಯಲ್ಲಿ ಉತ್ತರವಿಲ್ಲ.

ಚರ್ಚೆಗಳ ಫಲಕದೊಂದಿಗೆ ಅಭಿನಯಿಸಲು ಒಂದು ಬರಹವೂ ಬರುತ್ತದೆ. ಏಳು ಊರು, ಪ್ರತಿ ಕಡೆ ಮೊದಲಿಗ 60 ನಿಮಿಷ, ಎದುರಾಳಿ 90, ಮತ್ತೆ ಮೊದಲಿಗ 30. ಬರಹ ಮುಕ್ಕಾಲು ಗಂಟೆ ಎಳೆಯುತ್ತದೆ, ಶಾಲೆಯ ಪೀರಿಯಡ್ಡಿಗೆ ಹೊಂದುವುದಿಲ್ಲ. ಹತ್ತನೇ ಒಂದಕ್ಕೆ ಇಳಿಸಿ: 6, 9, 3. ಹದಿನೆಂಟು ನಿಮಿಷದಲ್ಲಿ ಮುಗಿದು ಪ್ರಶ್ನೆಗಳಿಗೆ ಸಮಯ ಉಳಿಯುತ್ತದೆ.

ಕೊನೆಯ ಆರು ಫಲಕ, ಅಧ್ಯಕ್ಷಗಿರಿಯದ್ದು, ಪಠ್ಯಪುಸ್ತಕದ ಮಟ್ಟದವು. ಗುಲಾಮರ ಬಿಡುಗಡೆಯ 1863ರ ಜನವರಿ 1ರ ಘೋಷಣೆ ಬಂಡೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯವಾಗಿತ್ತು, ಗುಲಾಮಗಿರಿ ಪೂರ್ತಿ ಹೋದದ್ದು ಅಮೆರಿಕದ ಸಂವಿಧಾನಕ್ಕೆ 1865ರಲ್ಲಿ ಆದ ಹದಿಮೂರನೇ ತಿದ್ದುಪಡಿಯಿಂದ ಎಂಬುದನ್ನು ಸರಿಯಾಗಿ ಬರೆದಿದ್ದಾರೆ. ಜಾಗ ಸಾಲದಿದ್ದರೆ ಇವುಗಳಲ್ಲೇ ಕೈಬಿಡಿ.

ಕಟೌಟಿನದ್ದು ಬೇರೆಯೇ ಕಥೆ. ಲಿಂಕನ್ ಎತ್ತರ 6 ಅಡಿ 4 ಅಂಗುಲ. ಎತ್ತರದ ಟೋಪಿ, ಕೆಳಗಿನ ಮಣೆ ಸೇರಿ ಕಟೌಟು 7 ಅಡಿ ದಾಟುತ್ತದೆ. ಹಳೇ ಶಾಲಾ ಕಟ್ಟಡಗಳ ಬಾಗಿಲಲ್ಲಿ ನೆಟ್ಟಗೆ ಹೋಗುವುದಿಲ್ಲ, ಮಲಗಿಸಿಯೇ ಒಯ್ಯಬೇಕು. ಗೂಡ್ಸ್ ಆಟೋಗೆ ಹಿಡಿಸಲೆಂದು ಸೊಂಟದ ಬಳಿ ಕೀಲು ಕೊಟ್ಟಿದ್ದಾರೆ. ಆ ಕೀಲಿಗೆ ಹಿಂದಿನಿಂದ ಆಸರೆಯಿಲ್ಲದ್ದರಿಂದ ಫ್ಯಾನಿನ ಗಾಳಿಗೆ ಲಿಂಕನ್ ನಮಸ್ಕಾರ ಮಾಡುವವರಂತೆ ಮುಂದಕ್ಕೆ ಬಾಗುತ್ತಾರೆ. ಬೆನ್ನಿಗೆ 4 ಅಡಿಯ ಮರದ ರೀಪು ಕಟ್ಟಿ. ಇದಕ್ಕಿಂತ ದೊಡ್ಡ ದೋಷ ಗಡ್ಡ. ಕೋರ್ಟಿನಲ್ಲಿ ವಾದಿಸುವ ಭಂಗಿಯ ಲಿಂಕನ್‌ಗೆ ಗಡ್ಡ ಬಿಡಿಸಿದ್ದಾರೆ. ಗಡ್ಡ ಬಿಟ್ಟದ್ದು 1860ರ ಕೊನೆಯಲ್ಲಿ, ಗ್ರೇಸ್ ಬೆಡೆಲ್ ಎಂಬ ಹನ್ನೊಂದರ ಹುಡುಗಿ ಪತ್ರ ಬರೆದು ಸಲಹೆ ಕೊಟ್ಟ ಮೇಲೆ. ವಕೀಲಿಕೆಯ ಇಪ್ಪತ್ತು ಚಿಲ್ಲರೆ ವರ್ಷ ಅವರದ್ದು ಬೋಳು ಗಲ್ಲ. ಆರ್ಮ್‌ಸ್ಟ್ರಾಂಗ್ ಬಿಡುಗಡೆಯಾದ ದಿನವೇ ಬಿಯರ್ಡ್ಸ್‌ಟೌನ್‌ನಲ್ಲಿ ಬಿಳಿ ಕೋಟಿನಲ್ಲಿ ತೆಗೆಸಿಕೊಂಡ ಚಿತ್ರವಿದೆ, ಹಕ್ಕುಸ್ವಾಮ್ಯದ ತಂಟೆಯಿಲ್ಲ. ಅದನ್ನು ಮುದ್ರಿಸಿ ಐದನೇ ಕಡತದ ಮೇಲೆ ಹಾಕಿ, ಕಟೌಟನ್ನು ಅಧ್ಯಕ್ಷಗಿರಿಯ ಫಲಕಗಳ ಕಡೆ ತಳ್ಳಿ.

ಜೋಡಣೆಗೆ ಫಲಕಕ್ಕೆ 3 ಅಡಿಯಂತೆ 72 ಅಡಿ ಗೋಡೆ ಬೇಕು. ಮೂರು ಇಳಿಸಿದರೆ 63. ಎರಡು ಬದಿಯ ಟೇಪು ಬೇಡ. ತೆಗೆಯುವಾಗ ಗೋಡೆಯ ಬಣ್ಣ ಅಥವಾ ಸನ್‌ಬೋರ್ಡಿನ ಹಿಂಪದರ, ಎರಡರಲ್ಲೊಂದು ಕಿತ್ತು ಬರುತ್ತದೆ, ಆಗ ಠೇವಣಿಯಿಂದ ಮುರಿದುಕೊಳ್ಳುತ್ತಾರೆ. ಬೆಂಚುಗಳನ್ನು ಗೋಡೆಗೆ ಸೇರಿಸಿ, ಮೇಲೆ ಒರಗಿಸಿ, ಮುಂದೆ ಒಂದು ರೀಪು ತಡೆ ಕೊಡಿ. ಗಾಜಿನ ಮನೆಯಂಥ ಜಾಗದಲ್ಲಿ ಇಡುವುದಾದರೆ ಬಿಸಿಲು ನೇರ ಬೀಳದ ಬದಿ ಆರಿಸಿ. ಸನ್‌ಬೋರ್ಡಿನ ಒಂದು ಮೈ ಕಾದು ಇನ್ನೊಂದು ತಣ್ಣಗಿದ್ದರೆ ಮಧ್ಯಾಹ್ನದೊಳಗೆ ಬಿಲ್ಲಿನಂತೆ ಬಾಗಿ ವಿನೈಲ್ ಗುಳ್ಳೆ ಏಳುತ್ತದೆ. ಬಾಗಿದ್ದನ್ನು ಒತ್ತಿ ಸರಿಮಾಡಲು ಹೋಗದೆ ನೆರಳಿನಲ್ಲಿ ಮಟ್ಟಸ ನೆಲಕ್ಕೆ ಮಲಗಿಸಿ ಮೇಲೆ ಪುಸ್ತಕ ಹೇರಿ.

ಕೈಪಿಡಿಯನ್ನು ಒಂದೇ ಪ್ರತಿ ಕೊಡುತ್ತಾರೆ. ವಿವರಿಸುವವರು ಕನಿಷ್ಠ ನಾಲ್ವರು ಬೇಕು, ಹಿಂದಿನ ದಿನವೇ ಜೆರಾಕ್ಸ್ ಮಾಡಿಸಿ ತಿದ್ದುಪಡಿಗಳನ್ನು ಅಂಚಿನಲ್ಲಿ ಬರೆಸಿ. ಫೆಬ್ರವರಿ 12, ಸೆಪ್ಟೆಂಬರ್ 5, ನವೆಂಬರ್ 26, ವಕೀಲರ ದಿನವಾದ ಡಿಸೆಂಬರ್ 3ರ ಆಸುಪಾಸಿನಲ್ಲಿ ಸೆಟ್ಟು ಸಿಗುವುದು ಕಷ್ಟ, ಒಂದು ತಿಂಗಳು ಮೊದಲೇ ಹೇಳಿಡಬೇಕು. ತೆಗೆದುಕೊಳ್ಳುವಾಗ ಅಂಗಡಿಯವರ ಎದುರಿಗೇ ಪೆಟ್ಟಿಗೆ ಬಿಚ್ಚಿ ಫಲಕಗಳ ಮೂಲೆಗಳ ಫೋಟೋ ತೆಗೆದುಕೊಳ್ಳಿ, ಕಡತಗಳ ಪುಟ ಎಣಿಸಿ. ಹಿಂದಿನವರು ಕಳೆದ ಪುಟಕ್ಕೆ ನಿಮ್ಮ ಠೇವಣಿ ಹೋಗಬಾರದು.